590 ರೂಪಾಯಿ: ಒಂದು ಉಳಿತಾಯ ಖಾತೆಯನ್ನು ಏಳು ವರ್ಷ ಬಳಸಿದ ಮೇಲೆ

ಬ್ಯಾಂಕಿನ ಹೆಸರು ಹಾಕುವುದಿಲ್ಲ. ದೊಡ್ಡ ಖಾಸಗಿ ಬ್ಯಾಂಕು, ಅಷ್ಟು ಸಾಕು. ಬಡ್ಡಿ ಎಷ್ಟು, ಕಾರ್ಡಿಗೆ ಏನು ಆಫರ್, ಇದೆಲ್ಲ ಅವರ ಜಾಹೀರಾತಿನಲ್ಲೇ ಇದೆ, ಅದನ್ನು ನಾನು ಬರೆಯುವುದಿಲ್ಲ. ಕೈಯಲ್ಲಿ ಕಾಸಿಲ್ಲದಾಗ ಈ ಖಾತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೇ ಇದು.

2018ರಲ್ಲಿ ಪೀಣ್ಯದ ಒಂದು ಫ್ಯಾಕ್ಟರಿಗೆ ಸೇರಿದಾಗ ಈ ಖಾತೆ ಸಿಕ್ಕಿತು. ನಾನು ಕೇಳಿದ್ದಲ್ಲ. ಕಂಪನಿಯವರೇ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಫಾರ್ಮಿಗೆ ಸಹಿ ಹಾಕಿಸಿದರು. ಸಂಬಳದ ಖಾತೆ, ಮಿನಿಮಮ್ ಬ್ಯಾಲೆನ್ಸ್ ಬೇಡ. ಐದು ವರ್ಷ ಒಂದು ತಕರಾರೂ ಇರಲಿಲ್ಲ. ಆ್ಯಪ್ ಅಂತೂ ಬೆಣ್ಣೆ. ಬಸ್ಸಿನಲ್ಲಿ ಜೋತುಬಿದ್ದು ನಿಂತುಕೊಂಡೇ ಒಂದು ಕೈಯಲ್ಲಿ ಕರೆಂಟ್ ಬಿಲ್ ಕಟ್ಟಿದ್ದೇನೆ.

2021ರಲ್ಲಿ ಅದೇ ಆ್ಯಪಿನಲ್ಲಿ ಸಂಬಳದ ಮೇಲೆ ಓವರ್‌ಡ್ರಾಫ್ಟ್ ಕೊಡುತ್ತೇವೆ ಅಂತ ಬಂತು. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯಬಹುದು, ತೆಗೆದಷ್ಟಕ್ಕೆ, ಇಟ್ಟುಕೊಂಡ ದಿನಕ್ಕೆ ಮಾತ್ರ ಬಡ್ಡಿ. ತಂಗಿಯ ಹೆರಿಗೆ ಸಮಯದಲ್ಲಿ 8,000 ತೆಗೆದೆ. ಹನ್ನೊಂದು ದಿನಕ್ಕೆ ಸಂಬಳ ಬಂತು, ಸರಿಹೋಯಿತು. ಬಡ್ಡಿ 36 ರೂಪಾಯಿ ಚಿಲ್ಲರೆ. ಎಷ್ಟು ಖುಷಿಯಾಯಿತು ಅಂದರೆ ಫ್ಯಾಕ್ಟರಿಯಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಈ 36 ರೂಪಾಯಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2023ರ ಜುಲೈನಲ್ಲಿ ರಾತ್ರಿ ಪಾಳಿ ನಿಲ್ಲಿಸಿದರು. ನನ್ನ ಕೆಲಸವೂ ಹೋಯಿತು. ಓವರ್‌ಡ್ರಾಫ್ಟ್ ಸಂಬಳದ ಮೇಲೆ ತಾನೇ? ಸಂಬಳ ನಿಂತ ಮೇಲೆ ಆ್ಯಪಿನಲ್ಲಿ ಆ ಬಟನ್ನೇ ಮಾಯ. ನಾನೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಕೂಡಿಟ್ಟದ್ದರಲ್ಲಿ ಎರಡು ತಿಂಗಳು ತಳ್ಳಿದೆ.

ಬೈಕಿನ ಸಾಲ ಇತ್ತು. ಕಂತು 3,180, ಪ್ರತಿ ತಿಂಗಳು 5ನೇ ತಾರೀಕು ತಾನಾಗೇ ಕಟ್ ಆಗುತ್ತಿತ್ತು. ಆ ಅಕ್ಟೋಬರ್ 5ಕ್ಕೆ ಖಾತೆಯಲ್ಲಿ ಇದ್ದದ್ದು 2,940. ಬರೀ 240 ರೂಪಾಯಿ ಕಮ್ಮಿ. ಬೆಳಿಗ್ಗೆ ಎದ್ದು ನೋಡಿದರೆ ಕಂತು ಬೌನ್ಸ್. ಬ್ಯಾಂಕಿನವರು ಅದಕ್ಕೆ 500 ಹಾಕಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90 ಸೇರಿಸಿ, 590 ಮುರಿದುಕೊಂಡಿದ್ದರು.

ಈ 590 ಮುರಿದದ್ದು ಆಗ ನನಗೆ ಗೊತ್ತಾಗಲಿಲ್ಲ. ನಾನು ಸ್ನೇಹಿತನ ಹತ್ತಿರ 500 ತಗೊಂಡು ಖಾತೆಗೆ ಹಾಕಿದೆ. 240ಕ್ಕೆ 500 ಹಾಕಿದೆನಲ್ಲ, ಧಾರಾಳ ಆಯಿತು ಅಂತ ಲೆಕ್ಕ. ಬೈಕಿನ ಸಾಲ ಕೊಟ್ಟ ಫೈನಾನ್ಸಿನವರು ನಾಲ್ಕು ದಿನ ಬಿಟ್ಟು ಅದೇ ಕಂತನ್ನು ಮತ್ತೆ ವಸೂಲಿಗೆ ಕಳಿಸಿದರು. ಅಷ್ಟರಲ್ಲಿ 590 ಹೋಗಿ ಖಾತೆಯಲ್ಲಿ ಉಳಿದದ್ದು 2,850. ಮತ್ತೆ ಬೌನ್ಸ್. ಮತ್ತೆ 590. ಫೈನಾನ್ಸಿನವರದು ಬೇರೆ, ಸಲಕ್ಕೆ 500ರಂತೆ ಎರಡು ಸಲ.

ಕೂಡಿಸಿ ನೋಡಿ. 240 ರೂಪಾಯಿ ಕಮ್ಮಿ ಬಿದ್ದದ್ದಕ್ಕೆ 2,180 ರೂಪಾಯಿ. ಕಂತು ಮಾತ್ರ ಹಾಗೇ ಬಾಕಿ. ಸಂಬಳ ಇದ್ದಾಗ 8,000ವನ್ನು ಹನ್ನೊಂದು ದಿನ ಕೊಟ್ಟು 36 ರೂಪಾಯಿ ತಗೊಂಡದ್ದೂ ಇದೇ ಬ್ಯಾಂಕು. ಆಗಲೂ ನಾನೇ, ಈಗಲೂ ನಾನೇ. ಈ ವಿಮರ್ಶೆಯಲ್ಲಿ ನನಗೆ ಮುಖ್ಯವಾಗಿ ಹೇಳಬೇಕಾದ್ದು ಇಷ್ಟೇ, ಉಳಿದದ್ದೆಲ್ಲ ಅದರ ಹಿಂದೆ ಮುಂದೆ.

ಆಮೇಲೆ 4ನೇ ತಾರೀಕಿನ ರಾತ್ರಿ ಅಂದರೆ ನಮ್ಮ ಮನೆಯಲ್ಲಿ ಒಂಥರಾ ಶಿವರಾತ್ರಿ. ಊಟ ಆದ ಮೇಲೆ ಒಂದು ಸಲ ಬ್ಯಾಲೆನ್ಸ್ ನೋಡುವುದು. ಮಲಗುವ ಮುಂಚೆ ಇನ್ನೊಂದು ಸಲ. ಫೋನು ತಲೆದಿಂಬಿನ ಪಕ್ಕ, ಸೈಲೆಂಟ್ ಮಾಡದೆ. ಬೆಳಗಿನ ಜಾವ ಟುಂಯ್ ಅಂದರೆ ಎದೆ ಹಿಡಿದುಕೊಂಡು ನೋಡುವುದು. ಮೊದಲು ಭಾನುವಾರವೋ ಹಬ್ಬವೋ ಬಂದರೆ ಒಂದು ದಿನ ಉಸಿರಾಡಲು ಸಿಗುತ್ತಿತ್ತು. ಸಂಬಳ ಹಾಕುವುದು, ಕಂತು ಮುರಿಯುವುದು ಎಲ್ಲ ತಾನಾಗೇ ನಡೆಯುವುದು ನ್ಯಾಚ್ ಅನ್ನುವ ವ್ಯವಸ್ಥೆಯಲ್ಲಿ, 2021ರ ಆಗಸ್ಟ್ 1ರಿಂದ ಅದು ವಾರದ ಏಳೂ ದಿನ ಓಡುತ್ತದೆ. ಸಂಬಳ ಭಾನುವಾರವೂ ಬರಲಿ ಅಂತ ಮಾಡಿದ್ದು. ಸಂಬಳ ಇಲ್ಲದವನಿಗೆ ಕಂತು ಭಾನುವಾರವೂ ಹೋಗುತ್ತದೆ, ಅಷ್ಟೇ.

ಅಕ್ಟೋಬರ್ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡಿ ತಿಪಟೂರಿನ ಕಡೆ ನಮ್ಮೂರಿಗೆ ಬಂದೆ. ಭಾವ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಹಾಕಿದರು. ನವೆಂಬರಿನ ಕಂತು ಕಟ್ಟಿದ್ದು ನಮ್ಮಮ್ಮ, ಗೃಹಲಕ್ಷ್ಮಿಯ 2,000ಕ್ಕೆ ಸೀರೆ ಚೀಟಿಯ ಹಣ ಸೇರಿಸಿ. ಅಮ್ಮನದು 2014ರ ಜನಧನ್ ಖಾತೆ. ಅದರ ಪಾಸ್‌ಬುಕ್ಕನ್ನು ಬೆಳೆ ವಿಮೆ ಕಾಗದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿರುತ್ತಾರೆ. ತಿರುವಿ ನೋಡಿದೆ. ಒಂದೊಂದು ತಿಂಗಳು 14 ರೂಪಾಯಿ, 9 ರೂಪಾಯಿ ಉಳಿದಿದೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಒಂದು ಸಲವೂ ಒಂದು ಪೈಸೆ ಹಿಡಿದಿಲ್ಲ. ಜನಧನ್ ಖಾತೆಗೂ ಓವರ್‌ಡ್ರಾಫ್ಟ್ ಇದೆ, ಗೊತ್ತಾ? ಖಾತೆ ಆರು ತಿಂಗಳು ಸರಿಯಾಗಿ ನಡೆದಿದ್ದರೆ 10,000ದವರೆಗೆ, ಅದರಲ್ಲಿ 2,000ದವರೆಗೆ ಷರತ್ತಿಲ್ಲದೆ. ಅಮ್ಮನಿಗೆ ಹೇಳಿದೆ. 'ಸಾಲ ಅಂತ ಕನ್ನಡದಲ್ಲಿ ಹೇಳು, ಬೇಡ' ಅಂದರು.

ಕಂತನ್ನು ಊರಿನ ಸರ್ಕಾರಿ ಬ್ಯಾಂಕಿನ ಖಾತೆಗೆ ಬದಲಾಯಿಸಿದೆ. ಹಳೇ ಖಾತೆಯಲ್ಲಿ ಉಳಿದಿದ್ದ 2,260ನ್ನೂ ಬಾಚಿ ಸೊನ್ನೆ ಮಾಡಿಟ್ಟೆ. ಸೊನ್ನೆ ಇದ್ದರೆ ಏನು ಕೀಳುತ್ತಾರೆ ಅಂತ ಧೈರ್ಯ.

ಕಿತ್ತರು. ಮೂರು ತಿಂಗಳು ಸಂಬಳ ಬರಲಿಲ್ಲ ಅಂತ ಸಂಬಳದ ಖಾತೆ ಸದ್ದಿಲ್ಲದೆ ಮಾಮೂಲಿ ಖಾತೆ ಆಗಿತ್ತು. ಈಗ ತಿಂಗಳಿಗೆ ಸರಾಸರಿ 10,000 ಇರಬೇಕು. ಇಲ್ಲದಿದ್ದರೆ ಕಮ್ಮಿ ಬಿದ್ದದ್ದರ 6 ಪರ್ಸೆಂಟ್, ಇಲ್ಲವೇ 500, ಯಾವುದು ಕಮ್ಮಿಯೋ ಅದು. ಸೊನ್ನೆಗೆ ಎಷ್ಟಾಗುತ್ತದೆ? 500. ಜಿಎಸ್‌ಟಿ ಸೇರಿ, ಅದೇ ನಮ್ಮ 590! ಎಚ್ಚರಿಕೆಯ ಎಸ್‌ಎಂಎಸ್ ಬಂದಿತ್ತಂತೆ. ಆಮೇಲೆ ಹುಡುಕಿದೆ, ಹೌದು, ಇದೆ. ಮೇಲೊಂದು ಚಿನ್ನದ ಸಾಲದ ಮೆಸೇಜು, ಕೆಳಗೊಂದು ಕ್ರೆಡಿಟ್ ಕಾರ್ಡಿನದು. ದಿನಕ್ಕೆ ಮೂರು ಜಾಹೀರಾತು ಕಳಿಸುವವರ ಹತ್ತಿರದಿಂದ ಬಂದ ನಾಲ್ಕನೆಯದನ್ನು ಯಾರು ಓದುತ್ತಾರೆ?

2024ರ ಮಾರ್ಚಿನಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಷನ್. ತಂಗಿ ಅಭ್ಯಾಸಬಲದಿಂದ ಹಳೇ ಖಾತೆಗೇ 3,000 ಕಳಿಸಿದಳು. ಆ್ಯಪ್ ತೆಗೆದರೆ 1,820. ಜನವರಿ, ಫೆಬ್ರವರಿ ಎರಡು ತಿಂಗಳ 590 ಸೇರಿ ಖಾತೆ ಮೈನಸ್ 1,180ಕ್ಕೆ ಹೋಗಿತ್ತು. ದುಡ್ಡು ಬಿದ್ದ ಗಳಿಗೆಯಲ್ಲೇ ತೆಗೆದುಕೊಂಡಿದ್ದಾರೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ತಂಗಿಗೆ ಫೋನ್ ಮಾಡಿ ಇನ್ನೊಂದು ಸ್ವಲ್ಪ ಕಳಿಸು ಅಂದೆನಲ್ಲ, ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಅವತ್ತೇ ಬರೆದಿದ್ದರೆ ಇದು ವಿಮರ್ಶೆ ಆಗುತ್ತಿರಲಿಲ್ಲ, ಬರೀ ಬೈಗುಳ ಆಗುತ್ತಿತ್ತು.

ಮಂಡಿಗೆ ಕೊಬ್ಬರಿ ತರುವ ಯಜಮಾನರೊಬ್ಬರು ಇದ್ದಾರೆ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ಪಟ್ಟಿ ಬರೆಯುತ್ತಾ ಅವರ ಮುಂದೆ ಗೊಣಗಿದೆ. 'ಮೈನಸ್ಸಿಗೆ ಹಾಕಿದ್ರಾ? ಹಾಕೋ ಹಾಗಿಲ್ಲ ಕಣಪ್ಪಾ' ಅಂದರು. ರಿಸರ್ವ್ ಬ್ಯಾಂಕ್ 2014ರ ನವೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆಯಂತೆ, 2015ರ ಏಪ್ರಿಲ್ 1ರಿಂದ ಜಾರಿ. ಮಿನಿಮಮ್ ಬ್ಯಾಲೆನ್ಸ್ ಕಮ್ಮಿಯಾದರೆ ಮೊದಲು ತಿಳಿಸಬೇಕು, ಸರಿಮಾಡಿಕೊಳ್ಳಲು ಒಂದು ತಿಂಗಳಾದರೂ ಕೊಡಬೇಕು. ಆ ದಂಡದ ದೆಸೆಯಿಂದಲೇ ಉಳಿತಾಯ ಖಾತೆ ಮೈನಸ್ಸಿಗೆ ಹೋಗಬಾರದು. 'ಬಾಯಲ್ಲಿ ಜಗಳ ಆಡ್ಬೇಡ. ಬರೆದು ಕೊಡು, ಸೀಲ್ ಹಾಕಿಸ್ಕೊ' ಅಂತ ಹೇಳಿ, ಪಟ್ಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವರೇ ನಾಲ್ಕು ಸಾಲು ಬರೆದುಕೊಟ್ಟರು.

ರೈಲಿನಲ್ಲಿ ತುಮಕೂರಿನ ಶಾಖೆಗೆ ಹೋದೆ. ಎಸಿ ಬ್ರಾಂಚು, ಟೋಕನ್ನು, ಸೋಫಾ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಕೌಂಟರಿನಲ್ಲಿ ಚಿಕ್ಕ ಹುಡುಗಿ, ಕೆಲಸಕ್ಕೆ ಸೇರಿ ವರ್ಷ ಆಗಿರಲಿಕ್ಕಿಲ್ಲ. ಪತ್ರ ಓದಿದಳು. 'ಈ ರೂಲ್ ನನಗೆ ಗೊತ್ತಿಲ್ಲ ಸರ್, ಒಂದು ನಿಮಿಷ' ಅಂದಳು. ಗೊತ್ತಿಲ್ಲ ಅಂತ ಹೇಳಿದ ಬ್ಯಾಂಕಿನವರನ್ನು ನಾನು ನೋಡಿದ್ದು ಅದೇ ಮೊದಲು. ಕಂಪ್ಯೂಟರಿನಲ್ಲಿ ಆ ಸುತ್ತೋಲೆ ಹುಡುಕಿ ತೆಗೆದು, ಪೂರ್ತಿ ಓದಿ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಎದ್ದು ಮ್ಯಾನೇಜರ್ ರೂಮಿಗೆ ಹೋದಳು. ಗಾಜಿನ ಆಚೆ ಅವಳು ಕೈ ಆಡಿಸಿ ಮಾತಾಡುತ್ತಿದ್ದದ್ದು ಕಾಣುತ್ತಿತ್ತು. ನನ್ನ ಪರವಾಗಿ!

ಹನ್ನೊಂದು ದಿನಕ್ಕೆ 1,180 ವಾಪಸ್ ಬಂತು. ಬೌನ್ಸ್ ಚಾರ್ಜಿನಲ್ಲೂ ಒಂದನ್ನು ಬಿಟ್ಟರು. ಅದು ನಿಯಮ ಅಲ್ಲ, ಕೆಲಸ ಹೋದ ಪತ್ರ ತೋರಿಸಿ ಕೇಳಿಕೊಂಡದ್ದಕ್ಕೆ. ಒಟ್ಟು 1,770. ಫೈನಾನ್ಸಿನವರು ಮಾತ್ರ ಒಂದು ರೂಪಾಯಿ ಕೊಡಲಿಲ್ಲ.

ಖಾತೆ ಮುಚ್ಚಲು ಅಂತ ಹೋದವನು ಮುಚ್ಚದೇ ಬಂದೆ. ಕಾರಣವೂ ಅವಳೇ. 'ಇದನ್ನೇ ಬೇಸಿಕ್ ಖಾತೆ ಮಾಡಿಕೊಡ್ತೀನಿ, ಬರೆದು ಕೊಡಿ' ಅಂದಳು. ಬೇಸಿಕ್ ಉಳಿತಾಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ದುಡ್ಡಿಲ್ಲ. ತಿಂಗಳಿಗೆ ನಾಲ್ಕು ಸಲ ಹಣ ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅಷ್ಟೇ. ಇದು 2012ರಿಂದ ಎಲ್ಲ ಬ್ಯಾಂಕಿನಲ್ಲೂ ಇರಲೇಬೇಕಾದ ಖಾತೆ. ಐದು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಆ್ಯಪಿನಲ್ಲಿ ಹುಡುಕಿ ನೋಡಿ, ಪ್ಲಾಟಿನಂ ಖಾತೆ ಮೊದಲ ಪುಟದಲ್ಲೇ ಸಿಗುತ್ತದೆ, ಬೇಸಿಕ್ ಖಾತೆ ನನಗಂತೂ ಸಿಗಲಿಲ್ಲ.

ಈಗ ಒಂದೂವರೆ ವರ್ಷದಿಂದ ಹೀಗೇ ಬಳಸುತ್ತಿದ್ದೇನೆ. ಅದೇ ಆ್ಯಪು, ಅದೇ ಬೆಣ್ಣೆ. ಎಟಿಎಂಗೆ ತಿಂಗಳಿಗೆ ನಾಲ್ಕು ಸಲ ಹೋಗುವುದು ಮಂಡಿಯಲ್ಲಿ 14,000 ದುಡಿಯುವ ನನಗೆ ಬೇಕಾದಷ್ಟಾಯಿತು. ಜಾಸ್ತಿ ಸಂಬಳದವರಿಗೆ ಸಾಲದೇ ಇರಬಹುದು, ಅವರಿಗೆ ಈ ವಿಮರ್ಶೆಯೂ ಬೇಕಿಲ್ಲ. ಒಂದು ಮಾತ್ರ ನೋಡಿಕೊಳ್ಳಿ. ಮಿನಿಮಮ್ ಬ್ಯಾಲೆನ್ಸ್ ಬೇಡದ ಖಾತೆ ಅಂದರೆ ಬೌನ್ಸ್ ಚಾರ್ಜ್ ಬೇಡದ ಖಾತೆ ಅಂತ ಅಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಮಿನಿಮಮ್ ಬ್ಯಾಲೆನ್ಸ್ ದಂಡ ತೆಗೆದವು. ಒಳ್ಳೆಯದೇ. ಕಂತು ಬೌನ್ಸ್ ಆಗುವುದು ಬೇರೆ ವಿಷಯ. ದುಡ್ಡು ಕಮ್ಮಿ ಬೀಳುತ್ತದೆ ಅಂತ ಮೊದಲೇ ಗೊತ್ತಿದ್ದರೆ ಸಾಲ ಕೊಟ್ಟವರಿಗೆ ಎರಡು ಮೂರು ದಿನ ಮುಂಚೆ ಫೋನ್ ಮಾಡಿ ತಾರೀಕು ಮುಂದೆ ಹಾಕಲು ಕೇಳಿ. ಬೌನ್ಸ್ ಆಗಿಹೋಗಿದ್ದರೆ ಮತ್ತೆ ಯಾವತ್ತು ಕಳಿಸುತ್ತೀರಿ ಅಂತ ಕೇಳಿ, ಮತ್ತು ಬ್ಯಾಂಕು ಮುರಿದುಕೊಂಡದ್ದನ್ನೂ ಸೇರಿಸಿ ದುಡ್ಡು ಹಾಕಿ. ನಾನು ಎಡವಿದ್ದು ಅಲ್ಲೇ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ, ಅದನ್ನು ಅವರಿಗೇ ನೆನಪಿಸಿ.

ಬ್ಯಾಂಕಿಗೆ ಬರೆದು ಕೊಟ್ಟ 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ದುಡ್ಡೇನೂ ಇಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಎಷ್ಟು ಸ್ಟಾರ್ ಅಂತ ಕೇಳಿದರೆ, ಸಂಬಳ ಇದ್ದ ಐದು ವರ್ಷಕ್ಕೆ ನಾಲ್ಕು, ಆ ಸಂಬಳ ನಿಂತ ಮೇಲಿನ ಎಂಟು ತಿಂಗಳಿಗೆ ಸೊನ್ನೆ, ಈಗಿನ ಬೇಸಿಕ್ ಖಾತೆಗೆ ಮೂರೂವರೆ. ಸರಾಸರಿ ನೀವೇ ಹಾಕಿಕೊಳ್ಳಿ. ಸರಾಸರಿ ಅನ್ನುವ ಪದ ಕೇಳಿದರೇ ನನಗೆ ಈಗ ಮೈ ಉರಿಯುತ್ತದೆ.

ಬೈಕಿನ ಸಾಲ 2024ರ ಅಕ್ಟೋಬರಿಗೆ ತೀರಿತು. 4ನೇ ತಾರೀಕು ರಾತ್ರಿ ಬ್ಯಾಲೆನ್ಸ್ ನೋಡುವುದು ಮಾತ್ರ ಬಿಟ್ಟಿಲ್ಲ. ಕಳೆದ ಸಲ ನೋಡಿದಾಗ 611 ಇತ್ತು. ಮೂರು ತಿಂಗಳ ಬಡ್ಡಿ ಅಂತ 4 ರೂಪಾಯಿ ಜಮಾ ಆಗಿತ್ತು. ಅದಕ್ಕೊಂದು ಎಸ್‌ಎಂಎಸ್, ಒಂದು ಇಮೇಲ್, ಆ್ಯಪಿನಲ್ಲಿ ಗಂಟೆಯ ಗುರುತಿನ ಮೇಲೆ ಕೆಂಪು ಚುಕ್ಕೆ, ಎಲ್ಲವೂ ಬಂದಿದ್ದವು.