ರಷ್ಯನ್ ಕಲಿಸುವ ಆ್ಯಪ್: ಪಾಠ ಛಲೋ, ಒತ್ತು ಎಲ್ಲಿ ಅಂತ ಮಾತ್ರ ಹೇಳೋದಿಲ್ಲ

ಚಂದಾ ಕಟ್ಟಿ ವರ್ಷದ ಮೇಲಾಯಿತು. ಪಾಠ ಎಷ್ಟು, ದರ ಎಷ್ಟು ಎಂಬುದೆಲ್ಲ ಆ್ಯಪ್ ಸ್ಟೋರ್‌ನಲ್ಲೇ ಇದೆ. ಹೆಸರು ಬೇಡ. ನೀವು ಯಾವುದೇ ಆ್ಯಪ್ ಹಾಕಿಕೊಂಡರೂ ಮೊದಲ ಪಾಠದಲ್ಲೇ ಒಂದನ್ನು ನೋಡಿ: ಪದದ ಮೇಲೆ ಒತ್ತಿನ ಗೆರೆ, ಅಂದರೆ ಯಾವ ಸ್ವರವನ್ನು ಒತ್ತಿ ಹೇಳಬೇಕೆಂಬ ಗುರುತು, ಇದೆಯೋ ಇಲ್ಲವೋ. ಇದರಲ್ಲಿ ಇಲ್ಲ. ಎರಡು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ.

ರಷ್ಯನ್ನಿನಲ್ಲಿ ಪದದ ಒಂದು ಸ್ವರಕ್ಕೆ ಒತ್ತು ಬೀಳುತ್ತದೆ, ಉಳಿದ ಸ್ವರಗಳು ಸೊರಗುತ್ತವೆ. ಒತ್ತಿಲ್ಲದ 'ಒ' ಕೇಳುವುದು 'ಅ' ಎಂದು. ಹಾಲಿಗೆ ಬರೆಯುವುದು ಮೊಲೊಕೊ, ಅನ್ನುವುದು ಮಲಕೋ. ಒತ್ತು ಎಲ್ಲಿ ಎಂದು ಬರಹ ನೋಡಿ ಹೇಳಲಾಗದು, ವಿಭಕ್ತಿ ಬದಲಾದರೆ ಅದು ಜಾಗವನ್ನೂ ಬದಲಿಸಬಹುದು. ನೀರು 'ವದಾ', ನೀರನ್ನು 'ವೋದು'. ಆ್ಯಪ್ ಎರಡನ್ನೂ ಒತ್ತಿನ ಗುರುತಿಲ್ಲದೆ ಬರೆದು ತೋರಿಸುತ್ತದೆ, ಕಲಿಯುವವರು 'ವದೂ' ಎಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ. 'ಜಾಮಕ್' ಎಂದರೆ ಕೋಟೆ, 'ಜಮೋಕ್' ಎಂದರೆ ಬೀಗ, ಕಾಗುಣಿತ ಮಾತ್ರ ಒಂದೇ. ರಷ್ಯನ್ ಪತ್ರಿಕೆಗಳಲ್ಲೂ ಗುರುತು ಇರುವುದಿಲ್ಲ, ನಿಜ. ಆದರೆ ಅವರ ಸಣ್ಣ ಮಕ್ಕಳ ಪುಸ್ತಕ, ನಿಘಂಟು, ಪರದೇಶದವರಿಗೆ ಬರೆದ ಪಠ್ಯ, ಇವುಗಳಲ್ಲಿ ಇರುತ್ತದೆ. ದುಡ್ಡು ತೆಗೆದುಕೊಂಡು ಹೊಸಬರಿಗೆ ಕಲಿಸುವವರು ಹಾಕಲೇಬೇಕಿತ್ತು.

ಪರಿಹಾರ ಅಗ್ಗದ್ದು. ನಾಲ್ಕು ಗೆರೆಯ ಕಾಪಿ ಒಂದು, ಕೆಂಪು ಪೆನ್ ಒಂದು. ಹೊಸ ಪದ ಬಂದಾಗ ಆನ್‌ಲೈನ್ ನಿಘಂಟಾದ ಇಂಗ್ಲಿಷ್ ವಿಕ್ಷನರಿಯಲ್ಲಿ ಹುಡುಕಿದರೆ ಒತ್ತಿನ ಗುರುತಿನ ಜೊತೆ ವಿಭಕ್ತಿ ರೂಪಗಳ ಪೂರ್ತಿ ಪಟ್ಟಿಯೂ ಸಿಗುತ್ತದೆ, ಪುಕ್ಕಟೆ. ರಷ್ಯನ್ ಅಕ್ಷರದಲ್ಲೇ ಪದ ಬರೆದು ಕೆಂಪಿನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಕೇಳಿದ ಹಾಗೆ ಬರೆಯಿರಿ, ಒತ್ತು ಬಿದ್ದಲ್ಲಿ ಮಾತ್ರ ದೀರ್ಘ ಕೊಡಿ: ಸ್ಪಸೀಬ, ಖರಶೋ, ಕ್ನೀಗ. ಒತ್ತಿನ ಸ್ವರವನ್ನು ಅವರು ಎಳೆದೇ ಹೇಳುವುದರಿಂದ ನಮ್ಮ ದೀರ್ಘ ಅಲ್ಲಿ ಸರಿಯಾಗಿ ಕೂರುತ್ತದೆ. ಅಕ್ಷರ ಕೈಗೆ ಹತ್ತಿದ ಮೇಲೆ ಈ ಕನ್ನಡದ ಸಾಲು ನಿಲ್ಲಿಸಿ, ಕೆಂಪು ಗೆರೆ ಮಾತ್ರ ಇರಲಿ. ಇಲ್ಲದಿದ್ದರೆ ಕಣ್ಣು ಕನ್ನಡದ ಕಡೆಗೇ ಓಡುತ್ತದೆ.

ಅಕ್ಷರ 33. ಆ್ಯಪ್ ಅವನ್ನು ಚೂರುಚೂರಾಗಿ ಎಷ್ಟೋ ಪಾಠಗಳಿಗೆ ಹಂಚುತ್ತದೆ. ಅಷ್ಟು ಕಾಯಬೇಡಿ, ಒಂದು ವಾರ ಕಾಪಿ ಹಿಡಿದು ಕೂತರೆ ಮುಗಿಯುತ್ತದೆ. ಕಾಡುವುದು ಇಂಗ್ಲಿಷಿನ ವೇಷ ಹಾಕಿದವು: ಬಿ ಕಂಡರೆ 'ವ', ಎಚ್ ಕಂಡರೆ 'ನ', ಪಿ ಕಂಡರೆ 'ರ', ಸಿ ಕಂಡರೆ 'ಸ'. ಗಗಾರಿನ್ ಶಿರಸ್ತ್ರಾಣದ ಮೇಲೆ ಸಿಸಿಸಿಪಿ ಎಂದು ಕಾಣುವುದನ್ನು ಎಸ್‌ಎಸ್‌ಎಸ್‌ಆರ್ (ಸೋವಿಯತ್ ಒಕ್ಕೂಟ) ಎಂದು ಓದಬೇಕು. ಕೈಬರಹವನ್ನಂತೂ ಆ್ಯಪ್ ಮುಟ್ಟುವುದೇ ಇಲ್ಲ. ಕೂಡಿಸಿ ಬರೆದಾಗ 'ತ' ಇಂಗ್ಲಿಷಿನ ಎಂ ಥರ, 'ದ' ಜಿ ಥರ ಆಗುತ್ತದೆ. ಎಂಬಿಬಿಎಸ್‌ಗೆಂದು ಹಾವೇರಿ, ಗದಗ ಕಡೆಯಿಂದ ಅಲ್ಲಿಗೆ ಹೊರಟವರು ಇದನ್ನು ಇಲ್ಲೇ ಕಲಿತು ಹೋಗುವುದು ಒಳ್ಳೆಯದು. ಫೋನಿನ ಜಿಬೋರ್ಡ್ ಕೀಲಿಮಣೆಗೆ ರಷ್ಯನ್ ಸೇರಿಸಿಕೊಳ್ಳಿ. 'ಯೋ' ಅಕ್ಷರ ಕಾಣದಿದ್ದರೆ 'ಯೆ' ಕೀಲಿಯನ್ನು ಒತ್ತಿ ಹಿಡಿಯಿರಿ.

ಮೈಕಿನ ಅಭ್ಯಾಸಕ್ಕೆ ಬೆಲೆ ಕೊಡಬೇಡಿ. ನಾಲಿಗೆಯನ್ನು ಹಿಂದಕ್ಕೆಳೆದು ಹೇಳುವ 'ಇ' ಒಂದಿದೆ, ಕನ್ನಡದಲ್ಲಿ ಅದಿಲ್ಲ. ಅದು ತಪ್ಪಿದರೆ ಮರಿ ಇಲಿ ಹೋಗಿ ಕರಡಿಮರಿ ಆಗುತ್ತದೆ. ಆ್ಯಪ್ ಎರಡಕ್ಕೂ ಹಸಿರು ಟಿಕ್ ಕೊಡುತ್ತದೆ! ಇಂಗ್ಲಿಷ್ ವಿವರಣೆ ನಂಬಿದರೆ 'ಟ', 'ಡ' ಬಾಯಿಗೆ ಬರುತ್ತವೆ, ಬೇಕಾದದ್ದು ಹಲ್ಲಿಗೆ ತಾಗುವ ನಮ್ಮ 'ತ', 'ದ'.

ಇಷ್ಟು ಬೈದ ಮೇಲೂ ಆ್ಯಪ್ ತೆಗೆದುಹಾಕಿಲ್ಲ. ಧಾರವಾಡ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ಮುಟ್ಟುವುದರೊಳಗೆ ಕೇಳುವ ಪಾಠ ಆರಾಮಾಗಿ ಆಗುತ್ತದೆ. ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು, ಇಯರ್‌ಫೋನ್ ಒಂದೇ ಕಿವಿಗೆ ಹಾಕಬೇಕು, ಇಲ್ಲದಿದ್ದರೆ ಉಣಕಲ್ ದಾಟಿದ್ದೂ ತಿಳಿಯುವುದಿಲ್ಲ. ಇದರ ನಿಜವಾದ ಬಲ ವಿಭಕ್ತಿಯ ಅಭ್ಯಾಸದಲ್ಲಿದೆ. ಅದೇ ವಾಕ್ಯ, ಕೊನೆ ಮಾತ್ರ ಬೇರೆ, ಮತ್ತೆ ಮತ್ತೆ. ಆರು ವಿಭಕ್ತಿ ಎಂದು ಇಂಗ್ಲಿಷಿನವರು ಹೌಹಾರುತ್ತಾರೆ. 'ಮನೆಗೆ, ಮನೆಯಲ್ಲಿ' ಎನ್ನುತ್ತ ಬೆಳೆದವರಿಗೆ ಅದರಲ್ಲಿ ಹೊಸದೇನಿಲ್ಲ. 'ಉ ಮಿನ್ಯಾ ಯೆಸ್ತ್ ಕ್ನೀಗ' ಎಂಬುದಕ್ಕೆ ಆ್ಯಪ್ ಇಂಗ್ಲಿಷಿನಲ್ಲಿ ಅರ್ಧ ಪುಟ ಸಮಜಾಯಿಷಿ ಕೊಡುತ್ತದೆ, ಧಾರವಾಡದಲ್ಲಿ 'ನನ್ನ ಕಡೆ ಪುಸ್ತಕ ಐತಿ' ಅಂದರೆ ಮುಗೀತು. 'ಮ್ನ್ಯೆ ಖೋಲದ್ನ' ಅಂದರೆ 'ನನಗ ಥಂಡಿ', ಅಲ್ಲೂ ಕ್ರಿಯಾಪದ ಬೇಕಿಲ್ಲ. ಹಾಗಾಗಿ ವಿವರಣೆಯ ಪುಟ ಹಾರಿಸಿ, ಅಭ್ಯಾಸಕ್ಕೇ ಹೋಗಿ. ನಮಗೆ ಕಷ್ಟ ಬರುವುದು ಬೇರೆ ಕಡೆ: ವಸ್ತುಗಳಿಗೂ ಲಿಂಗ ಉಂಟು, ವಿಶೇಷಣಕ್ಕೂ ವಿಭಕ್ತಿ ಹತ್ತುತ್ತದೆ, ಹೆಚ್ಚಿನ ಕ್ರಿಯಾಪದಗಳು ಜೋಡಿಯಾಗಿ ಬರುತ್ತವೆ, ನಡೆಯುತ್ತಿರುವ ಕೆಲಸಕ್ಕೆ ಒಂದು, ಮುಗಿದದ್ದಕ್ಕೆ ಇನ್ನೊಂದು.

ಅವರ ಅಧಿಕೃತ ಪರೀಕ್ಷೆಯ ಮೊದಲ ಹಂತ ಎ1ಗೆ ನಿಗದಿಯಾದ ಶಬ್ದ 780. ಅಲ್ಲಿಯವರೆಗೆ ಪುಕ್ಕಟೆ ಆವೃತ್ತಿ ಮತ್ತು ಕಾಪಿ ಸಾಕು. ಆಮೇಲೆ ರೊಕ್ಕ ಹಾಕುವುದಿದ್ದರೆ ಎದುರು ಕೂತು ಉಚ್ಚಾರ ತಿದ್ದುವ ಶಿಕ್ಷಕರಿಗೆ ಹಾಕಿ, ಆನ್‌ಲೈನ್ ಆದರೂ ನಡೆಯುತ್ತದೆ. ಚಂದಾ ತೆಗೆದುಕೊಳ್ಳಲೇಬೇಕೆಂದರೆ ತಿಂಗಳದ್ದು ತಗೊಳ್ಳಿ, ವರ್ಷದ್ದು ಬೇಡ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಆ್ಯಪ್ ಸ್ಟೋರ್‌ನ ಚಂದಾ ಪಟ್ಟಿಯಲ್ಲಿ ರದ್ದು ಮಾಡಬೇಕು, ಯುಪಿಐನಲ್ಲಿ ಆಟೊಪೇ ಇದ್ದರೆ ಅದನ್ನೂ ನೋಡಿಕೊಳ್ಳಿ.