ಈಥರ್ನೆಟ್ ಪದೇ ಪದೇ ಕಡಿಯುತ್ತಿದ್ದರೆ: ಕೇಬಲ್, ಸೆಟ್ಟಿಂಗ್, ಅಡಾಪ್ಟರ್, ಕಾರ್ಡ್, ಯಾವುದು ಕೆಲಸಕ್ಕೆ ಬಂತು?

ಈಥರ್ನೆಟ್, ಅಂದರೆ ಕೇಬಲ್ ಮೂಲಕ ರೌಟರ್‌ಗೆ ಜೋಡಿಸಿದ ಡೆಸ್ಕ್‌ಟಾಪ್‌ನಲ್ಲಿ ಇಂಟರ್‌ನೆಟ್ ಕೆಲವು ಸೆಕೆಂಡು ಸತ್ತು ಮತ್ತೆ ಬರುತ್ತದೆ, ಅದೇ ಹೊತ್ತಿನಲ್ಲಿ ಮೊಬೈಲ್‌ನ ವೈ-ಫೈ ಸರಾಗವಾಗಿ ಓಡುತ್ತಿರುತ್ತದೆ. ಈ ಕಾಯಿಲೆಗೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ನನ್ನ ಕಂಪ್ಯೂಟರ್‌ನಲ್ಲಿ ಅವನ್ನೆಲ್ಲ ಒಂದಾದ ಮೇಲೊಂದರಂತೆ ಹಚ್ಚಿ ನೋಡಿದೆ. ಒಮ್ಮೆಗೆ ಒಂದನ್ನೇ ಬದಲಿಸಿದ್ದರಿಂದ ಯಾವುದರಿಂದ ಎಷ್ಟು ಗುಣವಾಯಿತು ಎಂದು ಬೇರೆ ಬೇರೆಯಾಗಿ ಹೇಳಬಲ್ಲೆ.

ಮೊದಲು ರೋಗ ಎಲ್ಲಿದೆ ಎಂದು ಗೊತ್ತಾಗಬೇಕು. ಎರಡು ಕಮಾಂಡ್ ವಿಂಡೋ ತೆರೆದು, ಒಂದರಲ್ಲಿ ರೌಟರ್ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ ಆದ 8.8.8.8ಕ್ಕೆ ನಿಲ್ಲದೆ ಪಿಂಗ್ (ಆ ವಿಳಾಸ ಉತ್ತರಿಸುತ್ತಿದೆಯೇ ಎಂದು ನೋಡುವ ಕಮಾಂಡ್) ಓಡಲು ಬಿಡಿ. ಎರಡನೆಯದು ಮಾತ್ರ ನಿಂತರೆ ತೊಂದರೆ ರೌಟರ್‌ನಿಂದಾಚೆ ಇದೆ, ಸಂಪರ್ಕ ಕೊಟ್ಟವರಿಗೇ ಫೋನ್ ಮಾಡಬೇಕು. ನನ್ನಲ್ಲಿ ಎರಡೂ ಒಟ್ಟಿಗೇ ನಿಲ್ಲುತ್ತಿದ್ದವು. ಅಂದರೆ ಕಂಪ್ಯೂಟರ್‌ಗೂ ರೌಟರ್‌ಗೂ ನಡುವಿನ ಕೊಂಡಿಯೇ ಬೀಳುತ್ತಿತ್ತು. ಅಂಥ ಕಡೆ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಹಾಗಾಗಿ ಅದನ್ನು ಹೋಲಿಕೆಯಿಂದ ಹೊರಗಿಟ್ಟೆ.

ಕೇಬಲ್‌ಗೆ ಮೊದಲ ಸ್ಥಾನ ಕೊಡುತ್ತೇನೆ. ಗಿಗಾಬಿಟ್ (1 ಜಿಬಿಪಿಎಸ್ ವೇಗದ) ಈಥರ್ನೆಟ್‌ಗೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ, ಅಂದರೆ ಎಂಟೂ ತಂತಿ ಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಹೀಗಾಗಿ ಒಂದು ತಂತಿ ಸಡಿಲವಾದರೂ ಕೊಂಡಿ ಪೂರ್ತಿ ಸಾಯಲೇಬೇಕೆಂದಿಲ್ಲ, ಬಹಳಷ್ಟು ನೆಟ್‌ವರ್ಕ್ ಚಿಪ್‌ಗಳು ತಾವಾಗಿಯೇ 100ಕ್ಕೆ ಇಳಿಯುತ್ತವೆ. ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ವೇಗ ಕೆಲವೊಮ್ಮೆ 1 ಜಿಬಿಪಿಎಸ್, ಕೆಲವೊಮ್ಮೆ 100 ಎಂಬಿಪಿಎಸ್ ಎಂದು ತೋರಿಸಿದರೆ ಮೊದಲ ಅನುಮಾನ ಕೇಬಲ್ ಮೇಲಿರಲಿ. ನನ್ನದರಲ್ಲಿ ಪ್ಲಗ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಪ್ಲಗ್ಗನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದರೆ ಪೋರ್ಟಿನ ದೀಪ ಒಂದು ಬಣ್ಣ, ಬಿಟ್ಟರೆ ಇನ್ನೊಂದು. ಹೊಸ ಕೇಬಲ್ ಹಾಕಿದ ಕೂಡಲೇ ವೇಗ 1 ಜಿಬಿಪಿಎಸ್‌ನಲ್ಲಿ ನಿಂತಿತು. ಮನೆಯೊಳಗಿನ ದೂರಕ್ಕೆ ಕ್ಯಾಟ್ 5ಇ ದರ್ಜೆಯ ಕೇಬಲ್ ಧಾರಾಳ ಸಾಕು, ಅದು 100 ಮೀಟರ್‌ವರೆಗೂ ಗಿಗಾಬಿಟ್ ಸಾಗಿಸುತ್ತದೆ. ಕ್ಯಾಟ್ 8 ಎಂದು ಬರೆದದ್ದಕ್ಕೆ ಹೆಚ್ಚು ಹಣ ಸುರಿಯಬೇಕಿಲ್ಲ. ನೋಡಬೇಕಾದದ್ದು ಒಳಗಿರುವುದು ಶುದ್ಧ ತಾಮ್ರವೋ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮೋ ಎಂಬುದನ್ನು. ಎರಡನೆಯದು ಬಾಗಿಸಿದ ಕಡೆ ಬೇಗ ಮುರಿಯುತ್ತದೆ.

ಅಷ್ಟಾದರೂ ಕಡಿತ ಪೂರ್ತಿ ಹೋಗಲಿಲ್ಲ. ಆದರೆ ಅದರ ರೀತಿ ಬದಲಾಯಿತು: ದೊಡ್ಡ ಫೈಲ್ ಇಳಿಯುತ್ತಿರುವಾಗ ಏನೂ ಆಗದು, ಕಂಪ್ಯೂಟರ್ ಸುಮ್ಮನಿದ್ದಾಗ ಕೊಂಡಿ ಬೀಳುವುದು. ಇಲ್ಲಿ ಗೆದ್ದದ್ದು ಸೆಟ್ಟಿಂಗ್. ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಎಂಬ ವ್ಯವಸ್ಥೆ 2010ರಲ್ಲಿ ಮಾನದಂಡವಾಗಿ ಬಂತು. ಡೇಟಾ ಓಡಾಟ ಇಲ್ಲದಾಗ ಅದು ಕೊಂಡಿಯನ್ನು ಅರೆನಿದ್ದೆಗೆ ಕಳಿಸಿ ವಿದ್ಯುತ್ ಉಳಿಸುತ್ತದೆ. ಉದ್ದೇಶ ಒಳ್ಳೆಯದೇ, ಆದರೆ ಕೆಲವು ಚಿಪ್‌ಗೂ ಕೆಲವು ರೌಟರ್‌ಗೂ ಆ ನಿದ್ದೆಯಿಂದ ಏಳುವಾಗ ಹೊಂದಾಣಿಕೆ ತಪ್ಪುತ್ತದೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಅಡ್ವಾನ್ಸ್‌ಡ್ ಟ್ಯಾಬ್‌ಗೆ ಹೋಗಿ ಅದನ್ನು ಆಫ್ ಮಾಡಿದೆ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ನಿಲ್ಲಿಸಬಹುದು ಎಂಬ ಟಿಕ್ಕನ್ನೂ ತೆಗೆದೆ. ಕಡಿತ ಬಹುಮಟ್ಟಿಗೆ ನಿಂತಿತು, ಖರ್ಚು ಸೊನ್ನೆ. ಡ್ರೈವರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಒಂದರಿಂದಲೇ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ, ದೊಡ್ಡ ಅಪ್‌ಡೇಟ್ ಬಂದ ಮೇಲೆ ಈ ಸೆಟ್ಟಿಂಗ್‌ಗಳು ಹಳೆಯ ಸ್ಥಿತಿಗೆ ಮರಳಿರುತ್ತವೆಯೇ ಎಂದು ಮತ್ತೆ ನೋಡಬೇಕು.

ವೇಗವನ್ನು 100 ಎಂಬಿಪಿಎಸ್‌ಗೆ ಕಟ್ಟಿಹಾಕುವುದು ಇನ್ನೊಂದು ಜನಪ್ರಿಯ ಸಲಹೆ. ಹಳೆಯ ಕೇಬಲ್‌ನಲ್ಲೂ ಅದರಿಂದ ಕೊಂಡಿ ಗಟ್ಟಿ ನಿಂತಿತು, ಎರಡೇ ಜೋಡಿ ಸಾಕಲ್ಲ! ಆದರೆ ರೌಟರ್ ಆಟೋದಲ್ಲೇ ಉಳಿದಿದ್ದಾಗ ಈ ಕಡೆ ಮಾತ್ರ ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಎರಡೂ ದಿಕ್ಕಿನ ಓಡಾಟ) ಎಂದು ಕಟ್ಟಿದರೆ ಆ ಕಡೆ ಹಾಫ್ ಡ್ಯೂಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿದು ವೇಗ ಇನ್ನೂ ಹದಗೆಡಬಹುದು. ಹೊಸ ಕೇಬಲ್ ಕೈಸೇರುವವರೆಗಿನ ತಾತ್ಕಾಲಿಕ ಉಪಾಯ, ಅಷ್ಟೇ.

ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ನನಗೆ ಮದ್ದಿಗಿಂತ ಹೆಚ್ಚಾಗಿ ಪರೀಕ್ಷೆಯ ಸಾಧನವಾಗಿ ಹಿಡಿಸಿತು. ಅದೇ ಕೇಬಲ್ಲನ್ನು ಮದರ್‌ಬೋರ್ಡ್‌ನಿಂದ ಕಿತ್ತು ಇದಕ್ಕೆ ಚುಚ್ಚಿದಾಗ ಕಡಿತ ಮಾಯವಾದರೆ ತಪ್ಪು ಮದರ್‌ಬೋರ್ಡ್ ಬದಿಯಲ್ಲಿದೆ. ಮುಂದುವರಿದರೆ ಕೇಬಲ್ಲೋ ರೌಟರ್‌ನ ಪೋರ್ಟೋ. ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ: ಯುಎಸ್‌ಬಿ 2ರ ಮಿತಿಯೇ 480 ಎಂಬಿಪಿಎಸ್, ಗಿಗಾಬಿಟ್ ಅದರಲ್ಲಿ ಹಿಡಿಯದು. ತಾಸುಗಟ್ಟಲೆ ಡೌನ್‌ಲೋಡ್ ಹಾಕಿದಾಗ ನನ್ನದು ಮುಟ್ಟಿದರೆ ಚುರುಕ್ಕೆನ್ನುವಷ್ಟು ಕಾಯುತ್ತಿತ್ತು, ಸಂಪರ್ಕ ಮಾತ್ರ ಅಲುಗಲಿಲ್ಲ.

ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್, ಅಂದರೆ ಮದರ್‌ಬೋರ್ಡ್‌ನ ಸ್ಲಾಟ್‌ನಲ್ಲಿ ಕೂರುವ ನೆಟ್‌ವರ್ಕ್ ಕಾರ್ಡ್ ಹಾಕಲು ಕ್ಯಾಬಿನೆಟ್ ಬಿಚ್ಚಬೇಕು. ಆ ಒಂದು ಕೆಲಸ ಬಿಟ್ಟರೆ ಅದಕ್ಕೆ ಹೆಸರಿಡುವಂತಿಲ್ಲ. ಬಿಸಿಯ ಕಾಟವಿಲ್ಲ, ಅಕಸ್ಮಾತ್ ಕೈ ತಗುಲಿ ಕಳಚುವುದಿಲ್ಲ, ಒಂದೇ ಲೇನ್‌ನ (ಡೇಟಾ ಹಾದಿಯ) ಚಿಕ್ಕ ಸ್ಲಾಟ್ ಗಿಗಾಬಿಟ್‌ಗೆ ಸಾಕು. ಹಾಕಿದ ಮೇಲೆ ಮದರ್‌ಬೋರ್ಡ್‌ನ ಪೋರ್ಟನ್ನು ಬಯೋಸ್‌ನಲ್ಲೇ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ನಿಲ್ಲಿಸಿದೆ. ಸೆಟ್ಟಿಂಗ್ ಬದಲಿಸಿಯೂ ಅಪರೂಪಕ್ಕೊಮ್ಮೆ ಉಳಿದಿದ್ದ ಕಡಿತ ಆಮೇಲೆ ಕಾಣಿಸಲಿಲ್ಲ. ಖಾಲಿ ಸ್ಲಾಟ್ ಇರುವ ಡೆಸ್ಕ್‌ಟಾಪ್ ಆದರೆ ಕೇಬಲ್ ಮತ್ತು ಸೆಟ್ಟಿಂಗ್ ಆದ ನಂತರ ನೇರ ಕಾರ್ಡಿಗೇ ಹೋಗಿ. ಲ್ಯಾಪ್‌ಟಾಪ್ ಆದರೆ ಅಡಾಪ್ಟರ್ ಬಿಟ್ಟು ಬೇರೆ ದಾರಿಯಿಲ್ಲ.