ಎದೆಯೊಳಗಿನ ಐಸಿಡಿ: ಏಳು ವರ್ಷ, ಮೂರು ಸುಳ್ಳು ಶಾಕ್

2018ರ ಜೂನ್‌ನಲ್ಲಿ ಐಸಿಡಿ ಹಾಕಿಸಿಕೊಂಡೆ. ಬಡಿತ ಅಪಾಯಕ್ಕೆ ಹೋದರೆ ಶಾಕ್ ಕೊಟ್ಟು ಸರಿಪಡಿಸೋಕೆ ಎದೆಯ ಚರ್ಮದಡಿ ಕೂರಿಸುವ ಪುಟ್ಟ ಡಬ್ಬಿ ಅದು. ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯ ರಕ್ತ ತಳ್ಳುವ ಪ್ರಮಾಣ, ಅಂದರೆ ಪಂಪಿಂಗ್, ಶೇ. 28ಕ್ಕೆ ಇಳಿದಿತ್ತು. ಅಲ್ಲಿವರೆಗೆ ಒಮ್ಮೆಯೂ ಎಚ್ಚರ ತಪ್ಪಿದವನಲ್ಲ. ಮುನ್ನೆಚ್ಚರಿಕೆಗೆ ಅಂತ ಹಾಕಿದ್ದು. ಒಂದೇ ವಯರಿನ ಮಾಡೆಲ್. ಎಡಭುಜದ ಕೆಳಗೆ ಒಂದು ಉಬ್ಬು ಇದೆ, ಬ್ಯಾಗಿನ ಪಟ್ಟಿ ಅಲ್ಲಿ ಒತ್ತುತ್ತದೆ. ಡಬ್ಬಿಯ ಮೇಲೆ ನನಗೆ ದೂರಿಲ್ಲ. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಶುರುವಿನಲ್ಲಿ ಅದರೊಳಗೆ ಹಾಕಿದ್ದ ಸೆಟ್ಟಿಂಗ್‌ಗೆ ಮಾತ್ರ ಒಂದೇ.

2019ರ ನವೆಂಬರ್, ಅಣ್ಣನ ಮಗಳ ಮದುವೆ. ಎರಡನೇ ಪಂಕ್ತಿಗೆ ಹುಳಿ ಬಡಿಸುತ್ತಿದ್ದೆ. ಎದೆ ದಡದಡ ಅನ್ನುತ್ತಿತ್ತು, ಓಡಾಟಕ್ಕಿರಬೇಕು ಅಂದುಕೊಂಡೆ. ಇದ್ದಕ್ಕಿದ್ದ ಹಾಗೆ ಕತ್ತೆ ಎದೆಗೆ ಒದ್ದಂತಾಯಿತು. ಬಕೆಟ್ ಒಂದು ಕಡೆ, ನಾನು ಒಂದು ಕಡೆ. ಎಚ್ಚರ ಪೂರ್ತಿ ಇತ್ತು, ಅದೇ ಕಷ್ಟ. ಐದು ನಿಮಿಷದೊಳಗೆ ಇನ್ನೆರಡು ಬಿತ್ತು.

ಡಿವೈಸ್ ಹಾಕಿದ್ದ ಆಸ್ಪತ್ರೆಯಲ್ಲಿ "ಮಷೀನ್ ಕೆಲಸ ಮಾಡಿದೆ, ಬದುಕಿದಿರಿ" ಅಂದು ಕಳಿಸಿದರು. ನಾನೂ ನಂಬಿದೆ. ಆಮೇಲೆ ಮೆಟ್ಟಿಲು ಹತ್ತೋಕೆ ಹೆದರಿಕೆ, ಮೊಮ್ಮಗುವನ್ನು ಎತ್ತಿಕೊಳ್ಳೋಕೆ ಹೆದರಿಕೆ. "ರೀ, ಬಚ್ಚಲ ಚಿಲಕ ಹಾಕ್ಕೋಬೇಡಿ" ಅಂತ ಹೆಂಡತಿ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಅವಳು ಕಾಯುವುದು ನೋಡಿಯೇ ನನ್ನ ಎದೆ ಬಡಿತ ಜಾಸ್ತಿಯಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆ. ಡಿವೈಸ್‌ನಲ್ಲಿ ಉಳಿದಿದ್ದ ರೆಕಾರ್ಡಿಂಗ್ ತೆಗೆದು ನೋಡಿದರು. ಮೂರೂ ಬೇಡದ ಶಾಕ್! ನನಗಾಗಿದ್ದು ಏಟ್ರಿಯಲ್ ಫೈಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿದು, ಕೆಳಗಿನವನ್ನೂ ನಿಮಿಷಕ್ಕೆ 178 ಬಡಿತಕ್ಕೆ ಓಡಿಸಿದ್ದವು. ಔಷಧಿ ಬೇಕಾದ ಕಾಯಿಲೆಯೇ, ಆದರೆ ಆ ಕ್ಷಣಕ್ಕೆ ಪ್ರಾಣ ತೆಗೆಯುವ ಬಡಿತವಲ್ಲ. ನನ್ನ ಡಬ್ಬಿಗೆ ಹೇಳಿಟ್ಟಿದ್ದು ಇಷ್ಟೇ: 170 ದಾಟಿದರೆ ಎರಡೂವರೆ ಸೆಕೆಂಡ್ ಕಾದು ಚಿಕಿತ್ಸೆ ಶುರು ಮಾಡು. ಎರಡೂವರೆ ಸೆಕೆಂಡಿನಲ್ಲಿ ಒಂದು ತುತ್ತು ನುಂಗೋಕೂ ಆಗಲ್ಲ, ಅಲ್ವಾ?

ಸಿಟ್ಟು ಬಂದದ್ದು ಮುಂದಿನ ಮಾತಿಗೆ. ಮ್ಯಾಡಿಟ್-ರಿಟ್ ಅಂತ ಒಂದು ಅಧ್ಯಯನ 2012ರಲ್ಲೇ ಪ್ರಕಟವಾಗಿತ್ತಂತೆ. ನನ್ನಂತೆ ಮುನ್ನೆಚ್ಚರಿಕೆಗೆ ಡಿವೈಸ್ ಹಾಕಿಸಿಕೊಂಡ 1500 ಜನ. 200 ದಾಟಿದರೆ ಮಾತ್ರ ಚಿಕಿತ್ಸೆ ಅಂತ ಸೆಟ್ ಮಾಡಿದ ಗುಂಪಿನಲ್ಲಿ, ಹಳೆಯ ಸೆಟ್ಟಿಂಗ್‌ಗಿಂತ ಬೇಡದ ಚಿಕಿತ್ಸೆಯ ಅಪಾಯ ಶೇ. 79ರಷ್ಟು ಇಳಿಯಿತು. ಸಾವಿನ ಅಪಾಯವೂ ಶೇ. 55ರಷ್ಟು ಕಡಿಮೆ. ತಜ್ಞರ ಸಂಘಗಳು 2015ರಲ್ಲಿ ಹೆಚ್ಚು ಹೊತ್ತು ಕಾಯಿರಿ ಅಂತ ಸಲಹೆಯನ್ನೇ ಹೊರಡಿಸಿದವು. 2012ರ ಮಾತು 2018ರಲ್ಲೂ ನನ್ನ ಎದೆಗೆ ತಲುಪಿರಲಿಲ್ಲ.

ಬದಲಾವಣೆಗೆ ಹತ್ತೇ ನಿಮಿಷ. ಕೊಯ್ಯೋದಿಲ್ಲ, ಸೂಜಿ ಇಲ್ಲ. ಕಂಪ್ಯೂಟರ್ ಮೌಸ್‌ನಂಥದ್ದನ್ನು ಎದೆಯ ಮೇಲಿಟ್ಟು ಟೆಕ್ನಿಷಿಯನ್ ನಂಬರ್ ತಿದ್ದಿದರು. ಈಗ 170ರಿಂದ 200ರವರೆಗೆ ಸುಮ್ನೆ ಬರೆದಿಟ್ಟುಕೊಳ್ಳುತ್ತದೆ. 200 ದಾಟಿ, ಮೊದಲಿಗಿಂತ ಹೆಚ್ಚು ಹೊತ್ತು ಆ ವೇಗದಲ್ಲೇ ಇದ್ದರೆ ಮಾತ್ರ ಕೈ ಹಾಕುತ್ತದೆ. ಅದೂ ಮೊದಲು ನೋವಿಲ್ಲದ ಪೇಸಿಂಗ್, ಅಂದರೆ ಬಡಿತವನ್ನು ದಾರಿಗೆ ತರುವ ಸಣ್ಣ ವಿದ್ಯುತ್ ಮಿಡಿತಗಳು; ಅದಕ್ಕೆ ಬಗ್ಗದಿದ್ದರೆ ಶಾಕ್. ಬಡಿತದ ಆಕಾರ ಹೋಲಿಸಿ, ಅದು ಅಪಾಯದ್ದೋ ಅಲ್ಲವೋ ಅಂತ ನೋಡುವ ಸೌಲಭ್ಯ ಡಬ್ಬಿಯಲ್ಲೇ ಇತ್ತು, ಯಾರೂ ಆನ್ ಮಾಡಿರಲಿಲ್ಲ! ಜೊತೆಗೆ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಯ ಡೋಸ್ ಏರಿಸಿ, ರಕ್ತ ತೆಳುವಾಗುವ ಮಾತ್ರೆ ಕೊಟ್ಟರು.

ಅಲ್ಲಿಂದೀಚೆಗೆ ಒಂದೂ ಶಾಕ್ ಇಲ್ಲ. ಹಾಗಂತ ಡಬ್ಬಿ ನಿದ್ದೆ ಹೊಡೆಯುತ್ತಿಲ್ಲ. 2022ರಲ್ಲಿ ನಿಜವಾದ ಅಪಾಯದ ಬಡಿತವೇ ಬಂದಿತ್ತು, 214. ಒಂದೇ ಸಲದ ಪೇಸಿಂಗ್‌ಗೆ ನಿಂತಿದೆ. ನನಗೆ ಗೊತ್ತಾಗಿದ್ದು ಚೆಕಪ್‌ಗೆ ಹೋದಾಗ. ದಿನಾಂಕ ನೋಡಿದರೆ, ಅವತ್ತು ಬ್ಯಾಂಕ್ ಕ್ಯೂನಲ್ಲಿ ಸ್ವಲ್ಪ ತಲೆ ತಿರುಗಿ ಕೂತಿದ್ದೆ.

ನನ್ನ ನಂಬರ್ ಎಲ್ಲರಿಗೂ ಹೊಂದಲ್ಲ. ಚೆಕಪ್‌ನಲ್ಲಿ ಪರಿಚಯವಾದ ಒಬ್ಬರಿಗೆ 155ರಲ್ಲೇ ಅಪಾಯದ ಬಡಿತ ಬರುತ್ತದಂತೆ. ಅವರಿಗೆ 200 ಅಂತ ಇಟ್ಟರೆ ಡಬ್ಬಿ ನೋಡುತ್ತಾ ಕೂತಿರುತ್ತದೆ. ಆದ್ದರಿಂದ ಡಾಕ್ಟರನ್ನೇ ಕೇಳಿ: ನನ್ನದು ಎಷ್ಟಕ್ಕೆ ಸೆಟ್ ಆಗಿದೆ, ಎಷ್ಟು ಹೊತ್ತು ಕಾಯುತ್ತದೆ, ಮೊದಲು ಪೇಸಿಂಗ್ ಇದೆಯಾ?

ಬ್ಯಾಟರಿ ಇನ್ನೆರಡು ವರ್ಷ ಬರಬಹುದು ಅಂದಿದ್ದಾರೆ. ಹೊಸ ಡಬ್ಬಿ ಹಾಕುವ ದಿನ ತೋರಿಸೋಕೆ ಈಗಿನ ಸೆಟ್ಟಿಂಗ್ ಪ್ರಿಂಟ್ ತೆಗೆಸಿ, ಡಿವೈಸ್ ಕಾರ್ಡಿನ ಜೊತೆ ಪಿನ್ ಹೊಡೆದಿಟ್ಟಿದ್ದೇನೆ.